ನೈಟ್ರಸ್‌ಗಿಂತ ಮೊದಲು ಪೆಟ್ರೋಲ್

ಹೋದ ವಾರ ಕಲಬುರಗಿಯ ನನ್ನ ಗ್ಯಾರೇಜಿಗೆ ಒಬ್ಬ ಹುಡುಗ ಪಿಸ್ಟನ್ ಹಿಡಿದು ಬಂದ. ಎಂಜಿನ್‌ಗೆ ಜಾಸ್ತಿ ಪವರ್ ಬರಲೆಂದು ಕಾರಿಗೆ ನೈಟ್ರಸ್ (ನೈಟ್ರಸ್ ಆಕ್ಸೈಡ್ ಗ್ಯಾಸ್) ಹಾಕಿಸಿದ್ದ. ಅಂಚಿನಲ್ಲಿ ಕಡಲೆಕಾಳಿನಷ್ಟು ತೂತು, ಸುತ್ತ ಕರಗಿದ ಅಲ್ಯೂಮಿನಿಯಂ.

"ಅಣ್ಣಾ, ನೈಟ್ರಸ್ ಜಾಸ್ತಿ ಆಯ್ತಾ?"

ಅಲ್ಲ, ಪೆಟ್ರೋಲ್ ಕಡಿಮೆ ಆಗಿತ್ತು. ನೈಟ್ರಸ್ ತಾನಾಗಿ ಉರಿಯುವುದಿಲ್ಲ. ಎಂಜಿನ್ ಒಳಗಿನ ಬಿಸಿಗೆ ಒಡೆದು ಆಕ್ಸಿಜನ್ ಬಿಡುತ್ತದೆ. ಅದರ ತೂಕದಲ್ಲಿ 36% ಆಕ್ಸಿಜನ್, ಗಾಳಿಯಲ್ಲಿ 23% ಅಷ್ಟೇ. ಅದಕ್ಕೆ ತಕ್ಕ ಪೆಟ್ರೋಲ್ ಸಿಗದಿದ್ದರೆ ಬಿಸಿ ಮಿತಿಮೀರಿ ಪಿಸ್ಟನ್ನೇ ಕರಗುತ್ತದೆ. ಮೊದಲು ಫ್ಯುಯೆಲ್ ಪಂಪ್ ನೋಡಿ. ಕೋಲ್ಡ್ ಪ್ಲಗ್ (ಬಿಸಿಯನ್ನು ಬೇಗ ಬಿಟ್ಟುಕೊಡುವ ಸ್ಪಾರ್ಕ್ ಪ್ಲಗ್) ಹಾಕಿ, ಟೈಮಿಂಗ್ ಸ್ವಲ್ಪ ರಿಟಾರ್ಡ್ ಮಾಡಿ, ಅಂದರೆ ಕಿಡಿ ಸ್ವಲ್ಪ ತಡವಾಗಿ ಹಾರಲಿ. ಫುಲ್ ಥ್ರಾಟಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ನೈಟ್ರಸ್ ಹೋಗಬೇಕು.

ನಮ್ಮೂರ ಬಿಸಿಲು ಗೊತ್ತಲ್ವಾ? 36 ಡಿಗ್ರಿ ದಾಟಿದರೆ ಬಾಟಲಿಯಲ್ಲಿ ನೈಟ್ರಸ್ ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ವಿಪರೀತ ಏರುತ್ತದೆ. ಮೇ ತಿಂಗಳಲ್ಲಿ ಬಾಟಲಿಯನ್ನು ಡಿಕ್ಕಿಯಲ್ಲಿ ಬಿಡಲೇಬೇಡಿ. ಸೇಡಂ ರಸ್ತೆಯಲ್ಲಂತೂ ನೈಟ್ರಸ್ ಓಡಿಸುವುದು ಬೇಡ, ರೇಸ್ ಟ್ರ್ಯಾಕ್‌ಗೆ ಹೋಗಿ. ಆ ಪಿಸ್ಟನ್ ನನ್ನ ಟೇಬಲ್ ಮೇಲೇ ಇದೆ, ಬಂದವರಿಗೆಲ್ಲ ತೋರಿಸುತ್ತೇನೆ.