ಬೆವರು ಸುರಿಸಿದ್ದು ಕ್ವಾಚ್‌ನಲ್ಲಿ, ಸನ್ಮಾನ ಆಗಿದ್ದು ಬೇರೆ ಕಡೆ

2006ರ ಆಬ್ಲಿವಿಯನ್ ಗೇಮ್ 2025ರಲ್ಲಿ ಹೊಸ ರೂಪದಲ್ಲಿ ಬಂದಾಗಿನಿಂದ ನನಗೂ ಹುಬ್ಬಳ್ಳಿಯ ಗೆಳೆಯರಿಗೂ ಒಂದೇ ಜಗಳ. ಅದರಲ್ಲಿ ಸಿಗುವ ಎರಡು ಬಿರುದುಗಳಲ್ಲಿ ಯಾವುದು ದೊಡ್ಡದು? ಅವರೆಲ್ಲ 'ಚಾಂಪಿಯನ್ ಆಫ್ ಸಿರೋಡಿಲ್' ಅನ್ನುತ್ತಾರೆ. ನಾನು 'ಹೀರೋ ಆಫ್ ಕ್ವಾಚ್' ಕಡೆ. ಸಿರೋಡಿಲ್ ಅಂದರೆ ಗೇಮ್ ನಡೆಯುವ ನಾಡು, ಕ್ವಾಚ್ ಅದರಲ್ಲಿನ ಒಂದು ಊರು.

ಕ್ವಾಚ್‌ಗೆ ಹೋಗುವಾಗ ನಿಮ್ಮನ್ನು ಕೇಳುವವರೇ ಇಲ್ಲ. ಜೈಲಿಂದ ಹೊರಬಿದ್ದವರು ಅಷ್ಟೇ. ಊರು ಸುಟ್ಟು ಹೋಗಿದೆ, ಉಳಿದವರು ಬೆಟ್ಟದ ಕೆಳಗೆ ಟೆಂಟ್ ಹಾಕಿಕೊಂಡಿದ್ದಾರೆ, ಊರ ಬಾಗಿಲ ಮುಂದೆಯೇ ನರಕದ ಬಾಗಿಲು ಉರಿಯುತ್ತಿದೆ. ಅಲ್ಲಿನ ಕ್ಯಾಪ್ಟನ್ ಮೊದಲು ನಿಮ್ಮನ್ನು ಗದರಿಸಿ ದೂರ ನಿಲ್ಲಿಸುತ್ತಾನೆ. ಆ ನರಕದ ಬಾಗಿಲೊಳಗೆ ನುಗ್ಗಿ, ಗೋಪುರ ಹತ್ತಿ, ಮೇಲಿನ ಸಿಗಿಲ್ ಸ್ಟೋನ್ ಅನ್ನೋ ಮಂತ್ರದ ಕಲ್ಲು ಕಿತ್ತರೆ ಬಾಗಿಲು ಮುಚ್ಚುತ್ತದೆ. ಆಮೇಲೆ ಬೇರೆ ಊರಿನವರೂ ನಿಮ್ಮನ್ನು 'ಹೀರೋ ಆಫ್ ಕ್ವಾಚ್' ಅಂತ ಗುರುತು ಹಿಡಿಯುತ್ತಾರೆ. ಯಾರೂ ಸಭೆ ಕರೆದು ಕೊಟ್ಟ ಹೆಸರಲ್ಲ ಅದು.

ಚಾಂಪಿಯನ್ ಆಗೋದು ಹೇಗೆ? ಕೊನೆಯ ಯುದ್ಧದಲ್ಲಿ ಸಿಂಹಾಸನದ ವಾರಸುದಾರ ಮಾರ್ಟಿನ್ ರಾಜವಂಶದ ತಾಯಿತ ಒಡೆದು ತಾನೇ ಡ್ರ್ಯಾಗನ್ ಆಗಿ ಆ ನರಕದ ಒಡೆಯ ಮೆಹ್ರೂನ್ಸ್ ಡೇಗನ್‌ನನ್ನು ಸೋಲಿಸುತ್ತಾನೆ, ಕಲ್ಲಾಗಿಬಿಡುತ್ತಾನೆ. ನೀವು ಅವನನ್ನು ಅಲ್ಲಿಯವರೆಗೆ ಕರೆದುಕೊಂಡು ಬಂದು ಪಕ್ಕದಲ್ಲಿ ನಿಂತು ನೋಡುತ್ತೀರಿ. ಆಮೇಲೆ ರಾಜ್ಯಭಾರ ನೋಡಿಕೊಳ್ಳುವ ಚಾನ್ಸೆಲರ್ ಒಕಾಟೋ ಬಂದು ಬಿರುದು ಘೋಷಿಸಿ, ಕವಚ ಮಾಡಿಸ್ತೀವಿ, 2 ವಾರ ಬಿಟ್ಟು ಬಾ ಅನ್ನುತ್ತಾನೆ. ಪ್ರಾಣ ಕೊಟ್ಟವನು ಮಾರ್ಟಿನ್, ಶಾಲು ನಮಗೆ. ಸರಿನಾ ಇದು?

ದೀಪಾವಳಿ ಆದಮೇಲೆ ನಮ್ಮ ಹಾವೇರಿ ಕಡೆ ಕೊಬ್ಬರಿ ಹೋರಿ ಓಡಿಸುತ್ತಾರಲ್ವಾ, ಅಲ್ಲಿ ಮಾಲೀಕ ತನ್ನ ಹೋರಿಗೆ ಎಂಥ ಹೆಸರು ಬೇಕಾದರೂ ಇಡಬಹುದು, ಫ್ಲೆಕ್ಸ್ ಕೂಡ ಹಾಕಿಸಬಹುದು. ಆದರೆ ಅಷ್ಟು ಜನರ ನಡುವೆ ಕೊರಳಿನ ಕೊಬ್ಬರಿ ಸರ ಉಳಿಸಿಕೊಂಡು ಓಡಿದ ಹೋರಿಯ ಹೆಸರನ್ನೇ ಮುಂದಿನ ಊರಿನವರು ಕೇಳಿಕೊಂಡು ಬರುತ್ತಾರೆ.

ಇದೇ ಸರಣಿಯ ಮುಂದಿನ ಗೇಮ್ ಸ್ಕೈರಿಮ್ ಬಗ್ಗೆ ಜಾಸ್ತಿ ಹೇಳಲ್ಲ. ಅಲ್ಲಿ ನೀವು ಹುಟ್ಟಿನಿಂದಲೇ ಡ್ರ್ಯಾಗನ್‌ಬಾರ್ನ್, ಅಂದರೆ ಡ್ರ್ಯಾಗನ್ ಆತ್ಮ ಇರುವ ಮನುಷ್ಯ, ಗಳಿಸೋ ಮಾತೇ ಇಲ್ಲ. ಅದಕ್ಕಿಂತ ಬೇಜಾರು, ಬರೀ ಕತ್ತಿ ಬೀಸಿಕೊಂಡಿದ್ದವನೂ ಒಂದೆರಡು ಮಂತ್ರ ಕಲಿತು ವಿಂಟರ್‌ಹೋಲ್ಡ್ ಮಂತ್ರ ಕಾಲೇಜಿನ ಮುಖ್ಯಸ್ಥ ಆಗಬಹುದು. 2004ರ ಫೇಬಲ್ ಅನ್ನೋ ಬೇರೆ ಗೇಮ್ ಇದಕ್ಕಿಂತ ಪ್ರಾಮಾಣಿಕ, ಅಲ್ಲಿ ಬಿರುದು ಮಾರುವ ಅಂಗಡಿಯವನೇ ಇದ್ದಾನೆ, ದುಡ್ಡು ಕೊಡಿ, ತಗೊಳ್ಳಿ.

ನನಗೆ ಇಷ್ಟ ಆಗಿದ್ದು ಆಬ್ಲಿವಿಯನ್‌ಗಿಂತ ಮೊದಲು ಅದೇ ಸರಣಿಯಲ್ಲಿ ಬಂದ 2002ರ ಮಾರೋವಿಂಡ್. ಅಲ್ಲಿ ಗಿಲ್ಡ್‌ನಲ್ಲಿ (ಒಂದೊಂದು ಕಸುಬಿನವರ ಸಂಘ) ಮೇಲೆ ಹೋಗಬೇಕಾದರೆ ಕೆಲಸ ಮುಗಿಸಿದರೆ ಸಾಲದು, ಆ ವಿದ್ಯೆಯೂ ಬರಬೇಕು. ನೀವು ನೆರೆವರೀನ್, ಅಂದರೆ ಮತ್ತೆ ಹುಟ್ಟಿ ಬಂದ ಹಳೆಯ ವೀರ, ಅಂತ ಭವಿಷ್ಯವಾಣಿ ಇದ್ದರೂ ಸುಮ್ನೆ ಯಾರೂ ನಂಬಲ್ಲ. ನಿಮಗಿಂತ ಮೊದಲು ಪ್ರಯತ್ನಿಸಿ ಸೋತವರ ದೆವ್ವಗಳು ಗುಹೆಯಲ್ಲಿ ನಿಂತು ತಮ್ಮ ಕಥೆ ಹೇಳುತ್ತವೆ. ಆಮೇಲೆ 4 ಬುಡಕಟ್ಟು, 3 ಮನೆತನ, ಒಂದೊಂದನ್ನೂ ಬೇರೆ ಬೇರೆಯಾಗಿ ಒಪ್ಪಿಸಬೇಕು. ಟೆಲ್ವಾನಿ ಮನೆತನದ ಗೋಥ್ರೆನ್ ಮಾತ್ರ ನಾಳೆ ಬಾ, ನಾಳೆ ಬಾ ಅಂತಲೇ ಇರುತ್ತಾನೆ, ಕೊನೆಗೆ ಅವನನ್ನು ಕೊಂದೇ ಮುಂದೆ ಹೋಗಬೇಕು. ಹಾಗೆ ಸಿಕ್ಕಿದ್ದನ್ನು ಗಳಿಸಿದ್ದು ಅನ್ನಬಹುದಾ ಅಂತ ಹುಬ್ಬಳ್ಳಿಯವರು ಕೇಳಿದರು. ಅನ್ನಬಹುದು ಅಂದೆ, ಈಗ ಅದಕ್ಕೂ ಜಗಳ ಶುರುವಾಗಿದೆ.