ಘಟ್ಟ ಹತ್ತಿ ಬಂದ ಬೂತಾಯಿ

ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿನ ಮೀನು ಮಾರುಕಟ್ಟೆಗೆ ಬಂದ ಬೂತಾಯಿ ಈ ವಾರ ಬೆರಳುದ್ದವನ್ನೂ ಮೀರಿರಲಿಲ್ಲ. ಮಂಜುಗಡ್ಡೆಯ ಪುಡಿಯಲ್ಲಿ ಬೆನ್ನು ನೀಲಿಯಾಗಿ ಹೊಳೆಯುತ್ತಿದ್ದರೂ ಹೊಟ್ಟೆ ಒಳಸರಿದಿತ್ತು. "ದೊಡ್ಡದು ಬರ್ತಾನೇ ಇಲ್ಲ ಸಾರ್" ಎಂದರು ಮಾರುವವರು.

ಮುಂಗಾರಿನ ಗಾಳಿ ಕರಾವಳಿಯ ಮೇಲ್ಮೈ ನೀರನ್ನು ಹೊರಕ್ಕೆ ತಳ್ಳಿದಾಗ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುತ್ತದೆ. ಅದರಿಂದ ಹುಲುಸಾಗುವ ಸಸ್ಯಪ್ಲವಕಗಳನ್ನು, ಅಂದರೆ ನೀರಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳನ್ನು, ತಿಂದೇ ಬೂತಾಯಿ ಕೊಬ್ಬುತ್ತದೆ. ನಮ್ಮ ಕಾಫಿ ತೋಟಗಳನ್ನು ತೋಯಿಸುವ ಮುಂಗಾರೇ ಅಲ್ಲಿ ಮೀನಿಗೆ ಅನ್ನವಿಡುತ್ತದೆಂಬುದು ಘಟ್ಟದ ಮೇಲಿನವರಿಗೆ ಅಷ್ಟಾಗಿ ಹೊಳೆಯುವುದಿಲ್ಲ. ಸಮುದ್ರ ಬಿಸಿಯಾದಂತೆ ಮೇಲಿನ ನೀರು ಹಗುರವಾಗಿ ಮೇಲೆಯೇ ನಿಂತು, ಆಳದ ನೀರಿನೊಡನೆ ಬೆರೆಯುವುದು ಕಡಿಮೆಯಾಗುತ್ತದೆ; ಬೂತಾಯಿಯ ಅನ್ನವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ, ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿದಿತ್ತು. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವಂತಿಲ್ಲ. ಮರಿಗಳನ್ನೇ ಬಾಚುವ ಸಣ್ಣ ಕಣ್ಣಿನ ಬಲೆಗಳ ಪಾಲೂ ಇದೆ. ಜೂನ್, ಜುಲೈನ 61 ದಿನಗಳ ಮೀನುಗಾರಿಕೆ ನಿಷೇಧ ಮೊಟ್ಟೆಯಿಡುವ ಮೀನಿಗೆ ಬಿಡುವು ಕೊಡುತ್ತದೆ, ನಿಜ. ಆದರೆ ಆಗಸ್ಟಿನಲ್ಲಿ ಕಡಲಿಗಿಳಿಯುವ ಬಲೆಯ ಕಣ್ಣನ್ನು ಅಳೆಯದಿದ್ದರೆ ಆ ಬಿಡುವಿನಲ್ಲಿ ಹುಟ್ಟಿದ ಮರಿಗಳೇ ಬುಟ್ಟಿ ಸೇರುತ್ತವೆ.