ತೂಕ ಇಳಿಸುವ ಸರ್ಜರಿ ಮಾಡಿಸಿಕೊಳ್ಳಲಾ?

ಡಯಟಿಷಿಯನ್ ಆಗಿರುವ ನನಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಜೊತೆಗೇ ಇನ್ನೊಂದು: ‘ಎಷ್ಟು ಕೆಜಿ ಇಳಿಯುತ್ತೆ?’ ನಾನು ತಿರುಗಿ ಕೇಳುವುದು ಬೇರೆ. ದಿನಾ ವಿಟಮಿನ್ ಮಾತ್ರೆ, ವರ್ಷ ವರ್ಷ ರಕ್ತ ಪರೀಕ್ಷೆ, ನಿಧಾನವಾಗಿ ಅಗಿದು ತಿನ್ನುವ ಊಟ. ಇದೆಲ್ಲ ಬದುಕಿರುವವರೆಗೂ ನಿಮ್ಮಿಂದ ಆಗುತ್ತಾ?

ಯಾರಿಗೆ ಮಾಡಬಹುದು ಅನ್ನುವ ಲೆಕ್ಕ ಸುಲಭ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಬೇರೆ ಕಾಯಿಲೆ ಇಲ್ಲದಿದ್ದರೂ ಸರ್ಜರಿ ಸೂಚಿಸಬಹುದು. 30 ದಾಟಿದ್ದು ಸಕ್ಕರೆ ಕಾಯಿಲೆಯಂಥದ್ದು ಇದ್ದರೂ ಯೋಚಿಸಬಹುದು. ಏಷ್ಯಾ ಮೂಲದವರಿಗೆ 27.5 ದಾಟಿದರೇ ಈ ಮಾತು ಬರುತ್ತದೆ.

ಆದರೆ ಯಾವ ಸರ್ಜರಿ? ಸಾಮಾನ್ಯವಾಗಿ ಸ್ಲೀವ್ ಅಥವಾ ಬೈಪಾಸ್. ಎರಡೂ ಜಠರದ್ದು, ಹೃದಯದ ಬೈಪಾಸ್ ಅಲ್ಲ. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನೂ ಅದರೊಂದಿಗೆ ಇಳಿಯುತ್ತದೆ. ತೆಗೆದದ್ದನ್ನು ಮತ್ತೆ ಜೋಡಿಸಲು ಆಗುವುದಿಲ್ಲ. ಮೊದಲೇ ಎದೆಯುರಿ ಇದ್ದವರಿಗೆ ಅದು ಹೆಚ್ಚಾಗಬಹುದು. ಅಂಥವರಿಗೆ ಸಾಮಾನ್ಯವಾಗಿ ಬೈಪಾಸ್ ವಾಸಿ. ಬೈಪಾಸ್‌ನಲ್ಲಿ ಜಠರವನ್ನು ಪುಟ್ಟ ಚೀಲದಷ್ಟು ಮಾಡಿ, ಸಣ್ಣ ಕರುಳಿನ ಮೇಲ್ಭಾಗ ಬಿಟ್ಟು ಮುಂದಕ್ಕೆ ಜೋಡಿಸುತ್ತಾರೆ. ಸಕ್ಕರೆ ಕಾಯಿಲೆಯ ಮೇಲೆ ಇದರ ಪರಿಣಾಮ ಚೆನ್ನಾಗಿರುತ್ತದೆ. ಆದರೆ ಕಬ್ಬಿಣ, ಬಿ12, ಕ್ಯಾಲ್ಸಿಯಂ ಅನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸಿಹಿ ಜಾಸ್ತಿ ತಿಂದರೆ ತಲೆಸುತ್ತು, ಬೆವರು, ಭೇದಿ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಿದರೆ ಹುಣ್ಣಾಗುವ ಭಯ. ಮದ್ಯ ಬೇಗ ತಲೆಗೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚು.

‘ಅದು ಶಾರ್ಟ್‌ಕಟ್’ ಅನ್ನುವವರಿದ್ದಾರೆ. ಸುಮ್ನೆ ಮಾತು. ತೂಕ ಇಳಿದಾಗ ದೇಹವೇ ಹಸಿವು ಹೆಚ್ಚಿಸಿ ಅದನ್ನು ವಾಪಸ್ ತರಲು ನೋಡುತ್ತದೆ. ಮನಸ್ಸು ಗಟ್ಟಿ ಇಲ್ಲ ಅಂತ ಬೈದರೆ ಹಾರ್ಮೋನು ಕೇಳುತ್ತಾ?

ಹಾಗಂತ ಅವಸರ ಬೇಡ. ಸಿಗರೇಟು ಬಿಡದವರು, ಕುಡಿತ ಹತೋಟಿಯಲ್ಲಿಲ್ಲದವರು ಮೊದಲು ಅದನ್ನು ನೋಡಿಕೊಳ್ಳಲಿ. ಬೇಸರ, ಸಿಟ್ಟಿಗೆ ತಿನ್ನುವ ಅಭ್ಯಾಸವನ್ನು ಜಠರ ಸಣ್ಣದಾಗಿಸಿ ಓಡಿಸಲಾಗದು. ಅದಕ್ಕೆ ಕೌನ್ಸೆಲಿಂಗ್ ಬೇಕು. ಸರ್ಜರಿಯಾದ ಮೇಲೆ 12ರಿಂದ 18 ತಿಂಗಳು ಗರ್ಭ ಧರಿಸಬಾರದು. ಮಗು ಬೇಕು ಅಂತಿರುವವರು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಸರ್ಜರಿ ಬದಲು ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ಸಾಕಾಗುತ್ತಾ ಅಂತಲೂ ಡಾಕ್ಟರನ್ನು ಕೇಳಿ. ಅದನ್ನು ನಿಲ್ಲಿಸಿದರೆ ಹೆಚ್ಚಿನವರಿಗೆ ತೂಕ ಮರಳುತ್ತದೆ. ಸರ್ಜರಿಯಾದವರಿಗೂ ವರ್ಷಗಳ ಮೇಲೆ ಸ್ವಲ್ಪ ಮರಳುವುದುಂಟು. ‘ಆಗ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ?’ ಅಂತ ಸರ್ಜನ್‌ಗೆ ನೇರವಾಗಿ ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಸರ್ಜನ್ ಹುಡುಕಿ.